ಹಾವು ತಿನ್ನುತ್ತಿಲ್ಲವಾ? ಇಲಿ ಬದಲಾಯಿಸುವ ಮೊದಲು ಥರ್ಮಾಮೀಟರ್ ನೋಡಿ

ನನ್ನ ಬಾಲ್ ಪೈಥಾನ್ (ಹೆಬ್ಬಾವಿನ ಒಂದು ಪುಟ್ಟ ಜಾತಿ) ಊಟ ಬಿಟ್ಟಾಗ ನಾನು ಮೊದಲು ನೋಡುವುದು ಥರ್ಮಾಮೀಟರ್. ಆಮೇಲೆ ತೂಕ. ಆಮೇಲೆ ಅದರ ಕಣ್ಣು. ಇಲಿಯ ವಿಚಾರಕ್ಕೆ ಬರುವುದು ಕೊನೆಗೆ. ಹೊಸದಾಗಿ ಹಾವು ಸಾಕುವವರು ಸಾಮಾನ್ಯವಾಗಿ ಇದನ್ನು ಉಲ್ಟಾ ಮಾಡುತ್ತಾರೆ. ಬೇರೆ ಇಲಿ ತರುತ್ತಾರೆ, ದೊಡ್ಡದು ಕೊಟ್ಟು ನೋಡುತ್ತಾರೆ, ಚಿಕ್ಕದು ಕೊಟ್ಟು ನೋಡುತ್ತಾರೆ, ಮಾರನೇ ದಿನ ಮತ್ತೆ ಮೂತಿಗೆ ಹಿಡಿಯುತ್ತಾರೆ. ಹಾವು ಇನ್ನೂ ಬಿಗಿಯಾಗಿ ಸುರುಳಿ ಸುತ್ತಿಕೊಂಡು ತಲೆ ಒಳಗಿಟ್ಟುಬಿಡುತ್ತದೆ.

ನನ್ನ ಹತ್ತಿರ ಒಂದು ಗಂಡು ಬಾಲ್ ಪೈಥಾನ್, ಒಂದು ಹೆಣ್ಣು ಕಾರ್ನ್ ಸ್ನೇಕ್, ಒಂದು ಪುಟ್ಟ ವೆಸ್ಟರ್ನ್ ಹಾಗ್‌ನೋಸ್ ಇವೆ. ಮೂರೂ ಸಾಕಣೆಯಲ್ಲೇ ಹುಟ್ಟಿದವು. ಕಾಡಿನಿಂದ ಹಿಡಿದು ತಂದ ಹಾವು ಊಟಕ್ಕೆ ಜಾಸ್ತಿ ಸತಾಯಿಸುತ್ತದೆ, ಹೊಟ್ಟೆಯಲ್ಲಿ ಹುಳವೂ ಇರುತ್ತದೆ. ಅಂಥದ್ದನ್ನು ತರುವುದು ಕಾಡಿಗೂ ಒಳ್ಳೆಯದಲ್ಲ. ಮೂರಕ್ಕೂ ಊಟದ ಸ್ವಭಾವ ಬೇರೆ ಬೇರೆ. ಕಾರ್ನ್ ಸ್ನೇಕ್ ಪೆಟ್ಟಿಗೆ ಮುಚ್ಚಳ ತೆಗೆದ ಕೂಡಲೇ ತಲೆ ಎತ್ತಿ ಬರುತ್ತದೆ. ಹಾಗ್‌ನೋಸ್‌ಗೆ ಮೂಡ್ ಬರಬೇಕು. ಬಾಲ್ ಪೈಥಾನ್ ಬಗ್ಗೆ ಕೇಳಲೇಬೇಡಿ. ಉಪವಾಸ ಮಾಡುವುದರಲ್ಲಿ ಆ ಜಾತಿಯನ್ನು ಮೀರಿಸುವವರಿಲ್ಲ.

ಮೊದಲು ಬಿಸಿಯ ವಿಚಾರ. ಹಾವಿನ ಮೈ ತನ್ನ ಬಿಸಿಯನ್ನು ತಾನೇ ಮಾಡಿಕೊಳ್ಳುವುದಿಲ್ಲ, ಹೊರಗಿನಿಂದ ತೆಗೆದುಕೊಳ್ಳುತ್ತದೆ. ಬಿಸಿ ಸಾಲದಿದ್ದರೆ ತಿಂದದ್ದು ಜೀರ್ಣವಾಗುವುದಿಲ್ಲ, ಹೊಟ್ಟೆಯಲ್ಲೇ ಕೊಳೆಯುತ್ತದೆ. ತಣ್ಣಗಿರುವ ಹಾವು ಇಲಿಯನ್ನು ಬೇಡ ಅಂದರೆ ಅದು ಬುದ್ಧಿವಂತಿಕೆಯೇ. ಬಾಲ್ ಪೈಥಾನ್ ಪೆಟ್ಟಿಗೆಯ ಒಂದು ಬದಿಯನ್ನು ನಾನು 31ರಿಂದ 33 ಡಿಗ್ರಿ ಸೆಲ್ಸಿಯಸ್, ಇನ್ನೊಂದು ಬದಿಯನ್ನು 25ರಿಂದ 27 ಡಿಗ್ರಿ ಇಡುತ್ತೇನೆ. ಕಾರ್ನ್ ಸ್ನೇಕ್‌ಗೆ ಎರಡೂ ಬದಿ ಸ್ವಲ್ಪ ಕಡಿಮೆ. ಪೆಟ್ಟಿಗೆ ಬೆಚ್ಚಗಿಡುವ ಹೀಟ್ ಮ್ಯಾಟ್‌ಗೆ, ಬಿಸಿ ಮಿತಿ ಮೀರದಂತೆ ತಡೆಯುವ ಥರ್ಮೋಸ್ಟಾಟ್ ಇಲ್ಲದಿದ್ದರೆ ಪ್ಲಗ್ ಹಾಕಲೇಬೇಡಿ, ಹೊಟ್ಟೆ ಸುಟ್ಟ ಹಾವುಗಳನ್ನು ನೋಡಿದ್ದೇನೆ. ಇನ್ನೊಂದು ವಿಷಯ: ಗೋಡೆಗೆ ಅಂಟಿಸಿದ ಥರ್ಮಾಮೀಟರ್ ಗಾಳಿಯ ಬಿಸಿ ಹೇಳುತ್ತದೆ. ಹಾವು ಮಲಗುವುದು ನೆಲದ ಮೇಲೆ ಅಲ್ವಾ? ನೆಲದ ಬಿಸಿ ಅಳೆಯಬೇಕು.

ಅಡಗಲು ಜಾಗ ಎರಡು ಬೇಕು, ಬಿಸಿ ಬದಿಗೊಂದು, ತಂಪು ಬದಿಗೊಂದು. ಒಂದೇ ಇದ್ದರೆ ಹಾವು ಬಿಸಿ ಬಿಟ್ಟು ಭದ್ರತೆ ಆರಿಸಿಕೊಳ್ಳುತ್ತದೆ. ಅಡಗುವ ಡಬ್ಬಿ ಬಿಗಿಯಾಗಿರಬೇಕು, ಸುರುಳಿ ಸುತ್ತಿದರೆ ಮೂರು ಕಡೆ ಮೈಗೆ ತಾಗಬೇಕು. ಬಾಲ್ ಪೈಥಾನ್ ಕಾಡಿನಲ್ಲಿ ಹಗಲೆಲ್ಲ ಬಿಲದಲ್ಲಿ, ಗೆದ್ದಲ ಹುತ್ತದಲ್ಲಿ ಕಳೆಯುವ ಪ್ರಾಣಿ. ಅದನ್ನು ಬರೀ ಗಾಜಿನ ದೊಡ್ಡ ಟ್ಯಾಂಕ್‌ನಲ್ಲಿ, ಹಾಲ್‌ನ ನಡುವೆ, ಟಿವಿ ಪಕ್ಕದಲ್ಲಿಟ್ಟು 'ಯಾಕೆ ತಿನ್ನಲ್ಲ' ಅಂದರೆ ಏನು ಹೇಳುವುದು?

ಇನ್ನು ತೂಕ. ಪರಿಚಯದ ಹುಡುಗನೊಬ್ಬ ಒಮ್ಮೆ ಗಾಬರಿಯಲ್ಲಿ ಫೋನ್ ಮಾಡಿದ.

"ಅಕ್ಕಾ, ನಂದು ಒಂದು ತಿಂಗಳಿಂದ ಏನೂ ತಿಂದಿಲ್ಲ. ಸತ್ತೋಗುತ್ತಾ?"

"ತೂಕ ಎಷ್ಟಿದೆ ಹೇಳಪ್ಪ."

"ತೂಕ ನೋಡಿಲ್ಲ ಅಕ್ಕಾ. ಆದ್ರೆ ಸಣ್ಣ ಆದ ಹಾಗೆ ಕಾಣ್ತಿದೆ."

ಕಣ್ಣಳತೆಯನ್ನು ನಂಬಬೇಡಿ. ಗ್ರಾಂ ತೋರಿಸುವ ಅಡುಗೆ ತಕ್ಕಡಿ ಸಾಕು, ಆದರೆ ಅದನ್ನು ಹಾವಿಗೇ ಬೇರೆ ಇಟ್ಟುಕೊಳ್ಳಿ. ತೂಕ ಶೇಕಡಾ 10ಕ್ಕಿಂತ ಕಡಿಮೆ ಇಳಿದಿದ್ದರೆ, ನೀರು ಕುಡಿಯುತ್ತಿದ್ದರೆ, ಮೈ ಗಟ್ಟಿಯಾಗಿದ್ದರೆ ದೊಡ್ಡ ಬಾಲ್ ಪೈಥಾನ್ ಬಗ್ಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಬೆದೆಯ ಕಾಲದಲ್ಲಿ ದೊಡ್ಡ ಗಂಡುಗಳು ತಿಂಗಳುಗಟ್ಟಲೆ ಊಟ ಬಿಡುತ್ತವೆ. ನನ್ನದೂ ಹಾಗೇ. ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಆಗುವುದಿಲ್ಲ. ಆದರೆ ಮೊಟ್ಟೆಯಿಂದ ಬಂದ ಹೊಸ ಮರಿಗೆ ಈ ಧೈರ್ಯ ಬೇಡ. ಅದರ ಮೈಯಲ್ಲಿ ಕೂಡಿಟ್ಟದ್ದು ಕಡಿಮೆ. ವಾರಗಟ್ಟಲೆ ತಿನ್ನದೆ ಬೆನ್ನುಮೂಳೆ ಎದ್ದು ಕಾಣತೊಡಗಿದರೆ ಹಾವಿನ ವಿಷಯ ಗೊತ್ತಿರುವ ವೈದ್ಯರಿಗೆ ತೋರಿಸಲೇಬೇಕು.

ಇಷ್ಟು ದಿನ ತಿನ್ನದೆ ಹೇಗಿರುತ್ತದೆ? ಊಟವಿಲ್ಲದ ಕಾಲದಲ್ಲಿ ಹೆಬ್ಬಾವಿನ ಜಾತಿಗಳು ಹೊಟ್ಟೆಯ ಅಂಗಡಿಗೇ ಬೀಗ ಹಾಕಿಬಿಡುತ್ತವೆ. ಬರ್ಮೀಸ್ ಪೈಥಾನ್ ಮೇಲೆ 1990ರ ದಶಕದಿಂದ ನಡೆದ ಅಧ್ಯಯನಗಳಲ್ಲಿ ಇದು ಚೆನ್ನಾಗಿ ಕಂಡುಬಂದಿದೆ. ತಿಂದ ಒಂದೆರಡು ದಿನದಲ್ಲಿ ಸಣ್ಣ ಕರುಳಿನ ತೂಕ ಸುಮಾರು ಎರಡು ಪಟ್ಟಾಗುತ್ತದೆ, ಜೀರ್ಣ ಮುಗಿದ ಮೇಲೆ ಮತ್ತೆ ಕುಗ್ಗುತ್ತದೆ. ಸುಮ್ಮನೆ ಇರುವಾಗ ಖರ್ಚು ಬಹಳ ಕಡಿಮೆ. ನಮ್ಮ ಹಸಿವಿನ ಲೆಕ್ಕದಲ್ಲಿ ಅದರ ಹಸಿವನ್ನು ಅಳೆದರೆ ಅದಕ್ಕೂ ಹಿಂಸೆ, ನಮಗೂ ಹಿಂಸೆ.

ಕಣ್ಣಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಪೊರೆ ಬಿಡುವ ಮುಂಚೆ ಕಣ್ಣು ಹಾಲು ಬಿದ್ದ ಹಾಗೆ ನೀಲಿ-ಬೂದಾಗುತ್ತದೆ. ಆಗ ನಾನು ಊಟ ಕೊಡುವುದಿಲ್ಲ. ಪೊರೆ ಬಿಟ್ಟ ಮೇಲೆ ಸಾಮಾನ್ಯವಾಗಿ ಅದೇ ಹಾವು ಹಸಿದು ಕೂತಿರುತ್ತದೆ. ನನ್ನ ಕಾರ್ನ್ ಸ್ನೇಕ್ ಮಾತ್ರ ಕಣ್ಣು ಮಂಜಾಗಿದ್ದರೂ ಕೊಡು ಅನ್ನುತ್ತದೆ. ಅದರ ಕಥೆ ಬೇರೆ.

ಈಗ ಇಲಿ. ಫ್ರೀಜರ್‌ನಲ್ಲಿಟ್ಟ ಇಲಿಯನ್ನು ನಾನು ಹಿಂದಿನ ರಾತ್ರಿ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನ ಕೆಳಗಿನ ಭಾಗಕ್ಕೆ ಇಳಿಸುತ್ತೇನೆ. ಮಾರನೇ ಸಂಜೆ ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿ ಬಿಸಿ ನೀರಿನಲ್ಲಿಡುತ್ತೇನೆ. ಕುದಿಯುವ ನೀರಲ್ಲ, ಕೈ ಇಟ್ಟರೆ ತಡೆದುಕೊಳ್ಳುವಷ್ಟು ಬಿಸಿ. ಕುದಿಯುವ ನೀರು ಹಾಕಿದರೆ ಚರ್ಮ ಬೆಂದು ಹೊಟ್ಟೆ ಒಡೆಯುತ್ತದೆ. ಮೈಕ್ರೋವೇವ್ ಅಂತೂ ಬೇಡವೇ ಬೇಡ. ಒಂದು ಕಡೆ ಬೇಯುತ್ತದೆ, ಇನ್ನೊಂದು ಕಡೆ ಐಸ್ ಉಳಿದಿರುತ್ತದೆ. ಹೊರಗೆ ಬೆಚ್ಚಗಿದ್ದು ಒಳಗೆ ಗಟ್ಟಿಯಿರುವ ಇಲಿ ನುಂಗಿದ ಹಾವು ಕಕ್ಕುವುದು ಗ್ಯಾರಂಟಿ ಅಂದುಕೊಳ್ಳಿ. ಹೊಟ್ಟೆಯ ಭಾಗ ಒತ್ತಿ ನೋಡಿ, ಮೆತ್ತಗಿರಬೇಕು. ಕೊಟ್ಟು ತಿನ್ನದೆ ಉಳಿದದ್ದನ್ನು ಮತ್ತೆ ಫ್ರೀಜ್ ಮಾಡುವುದಿಲ್ಲ, ಎಸೆಯುತ್ತೇನೆ. ಹೊಟ್ಟೆ ಉರಿಯುತ್ತದೆ, ನಿಜ.

ಕೊಡುವ ಮುಂಚೆ ಬಾಲ್ ಪೈಥಾನ್‌ಗೆ ಒಂದು ಹೆಚ್ಚಿನ ಕೆಲಸವಿದೆ. ಅದರ ಮೇಲ್ದುಟಿಯ ಉದ್ದಕ್ಕೂ ಸಣ್ಣ ಸಣ್ಣ ಗುಳಿಗಳ ಸಾಲಿದೆ. ಅವು ಬಿಸಿಯನ್ನು ಗುರುತಿಸುತ್ತವೆ. ಕತ್ತಲಲ್ಲೂ ಸುತ್ತಲಿನ ತಣ್ಣನೆಯ ಜಾಗದಲ್ಲಿ ಬಿಸಿ ಮೈ ಎಲ್ಲಿದೆ ಅಂತ ಅದಕ್ಕೆ ಗೊತ್ತಾಗುತ್ತದೆ. ಹಾಗಾಗಿ ಇಲಿಯ ತಲೆಯನ್ನು ಕೊನೆಯ ಒಂದು ನಿಮಿಷ ಇನ್ನೊಮ್ಮೆ ಬಿಸಿ ನೀರಿನಲ್ಲಿ ಅದ್ದಿ, ಒರೆಸಿ, ತಕ್ಷಣ ಕೊಡುತ್ತೇನೆ. ತಲೆ 38ರಿಂದ 40 ಡಿಗ್ರಿ ಇದ್ದರೆ ಗುರಿ ನೇರ ತಲೆಗೇ ಬೀಳುತ್ತದೆ. ಇಡೀ ಇಲಿ ಒಂದೇ ಉಗುರು ಬೆಚ್ಚಗಿದ್ದರೆ ನನ್ನ ಹಾವು ಮೂಸುತ್ತದೆ, ಯೋಚಿಸುತ್ತದೆ, ಹೊರಟುಹೋಗುತ್ತದೆ. ಇಕ್ಕಳ ಹಿಡಿದ ಕೈ ಇಲಿಗಿಂತ ಬೆಚ್ಚಗಿದ್ದರೆ ಅದು ಯಾವುದನ್ನು ಹಿಡಿಯುತ್ತದೆ ಅಂತ ನೀವೇ ಯೋಚಿಸಿ. ಉದ್ದದ ಇಕ್ಕಳ ಬೇಕು ಅನ್ನುವುದು ಅದಕ್ಕೇ.

ಕಾರ್ನ್ ಸ್ನೇಕ್‌ಗೂ ಹಾಗ್‌ನೋಸ್‌ಗೂ ಈ ಗುಳಿಗಳಿಲ್ಲ. ಅವಕ್ಕೆ ವಾಸನೆಯೇ ಮುಖ್ಯ. ನಾಲಿಗೆ ಹೊರಚಾಚಿ ಗಾಳಿಯಿಂದ ಹಿಡಿದ ವಾಸನೆಯನ್ನು ಬಾಯಿಯ ಮೇಲ್ಭಾಗದಲ್ಲಿರುವ ಜೇಕಬ್‌ಸನ್ ಅಂಗಕ್ಕೆ ಮುಟ್ಟಿಸುತ್ತವೆ. ನನ್ನ ಹಾಗ್‌ನೋಸ್ ಮರಿಯಾಗಿದ್ದಾಗ ಇಲಿಮರಿಯನ್ನು ಮುಟ್ಟುತ್ತಲೇ ಇರಲಿಲ್ಲ. ಆ ಜಾತಿಗೆ ಕಾಡಿನಲ್ಲಿ ನೆಲಗಪ್ಪೆ ಇಷ್ಟ, ಇಲಿಯ ವಾಸನೆ ಅದಕ್ಕೆ ಊಟದ ವಾಸನೆಯೇ ಅಲ್ಲ. ಕಾಡಿನ ಕಪ್ಪೆ ತಂದರೆ ಹುಳವೂ ಬರುತ್ತದೆ ಅಂತ ಬಿಟ್ಟೆ. ಉಪ್ಪು ಹಾಕದ ಡಬ್ಬಿ ಮೀನಿನ ನೀರನ್ನು ಇಲಿಮರಿಯ ಮೂತಿಗೆ ಸವರಿ ಕೊಟ್ಟಾಗ ಹಿಡಿಯಿತು. ಆಮೇಲೆ ಪ್ರತಿ ಸಲ ಸವರುವುದನ್ನು ಕಡಿಮೆ ಮಾಡುತ್ತಾ ಬಂದೆ. ಈಗ ಬರೀ ಇಲಿ ತಿನ್ನುತ್ತದೆ, ಮೂಡ್ ಇದ್ದರೆ. ಹಾಗ್‌ನೋಸ್‌ನ ಹಿಂದಿನ ಹಲ್ಲುಗಳಲ್ಲಿ ಸೌಮ್ಯ ವಿಷವಿದೆ. ಕೈಯನ್ನು ಊಟ ಅಂದುಕೊಂಡು ಜಗಿಯುತ್ತಾ ಕೂತರೆ ಊದಿಕೊಳ್ಳುತ್ತದೆ, ಅದಕ್ಕೂ ಇಕ್ಕಳವೇ.

ಮೌಸ್ (ಚಿಕ್ಕ ಜಾತಿಯ ಇಲಿ) ತಿಂದು ಬೆಳೆದ ಬಾಲ್ ಪೈಥಾನ್‌ಗೆ ರ‍್ಯಾಟ್ (ದೊಡ್ಡ ಜಾತಿಯ ಇಲಿ) ಕೊಟ್ಟರೆ ಅದೂ ಹೀಗೇ ಮೂತಿ ತಿರುಗಿಸಬಹುದು. ಹಾವು ತರುವಾಗಲೇ ಏನು ತಿನ್ನುತ್ತಿತ್ತು, ಯಾವ ಹೊತ್ತಿನಲ್ಲಿ, ಇಕ್ಕಳದಿಂದಲೋ ಡಬ್ಬಿಯಲ್ಲಿ ಇಟ್ಟದ್ದೋ ಅಂತ ಮಾರುವವರನ್ನು ಕೇಳಿಕೊಂಡು ಬನ್ನಿ. ಮೊದಲ ಒಂದು ವಾರ ಮುಟ್ಟಬೇಡಿ, ಊಟವನ್ನೂ ಕೊಡಬೇಡಿ, ನೀರು ಬದಲಾಯಿಸಿ ಸುಮ್ನೆ ಬಿಟ್ಟುಬಿಡಿ. ಬೇಡ ಅಂದ ಹಾವಿಗೆ ಮತ್ತೆ ಕೊಡುವ ಮುಂಚೆ ವಾರವೋ ಹತ್ತು ದಿನವೋ ಬಿಡುತ್ತೇನೆ.

ಹಿಡಿದ ಮೇಲಿನ ಆಟ ನೋಡಲು ಚೆನ್ನಾಗಿರುತ್ತದೆ. ಸತ್ತ ಇಲಿಯನ್ನೂ ಸುತ್ತಿ ಹಿಸುಕುತ್ತದೆ. ಉಸಿರು ಕಟ್ಟಿಸಿ ಕೊಲ್ಲುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಬೋವಾ ಹಾವುಗಳ ಮೇಲೆ 2015ರಲ್ಲಿ ಬಂದ ಅಧ್ಯಯನದಲ್ಲಿ ಕಂಡದ್ದು ಬೇರೆ: ಹಿಸುಕಿದ ಕೆಲವೇ ಸೆಕೆಂಡುಗಳಲ್ಲಿ ಇಲಿಯ ರಕ್ತದ ಓಟವೇ ಕೆಟ್ಟುಹೋಗುತ್ತದೆ. ಅದಕ್ಕೂ ಮೊದಲು, 2012ರಲ್ಲಿ, ಸತ್ತ ಇಲಿಯೊಳಗೆ ಹುಸಿ ಹೃದಯ ಬಡಿತ ಇಟ್ಟು ಕೊಟ್ಟು ನೋಡಿದ್ದರು. ಬಡಿತ ಇರುವವರೆಗೆ ಬೋವಾ ಹೆಚ್ಚು ಹೊತ್ತು, ಹೆಚ್ಚು ಬಿಗಿಯಾಗಿ ಹಿಸುಕಿತು. ಜೀವಂತ ಬೇಟೆಯನ್ನೇ ಕಾಣದ ಹಾವುಗಳೂ ಹಾಗೇ ಮಾಡಿದವು. ಇದು ನನಗೆ ಕೆಲಸಕ್ಕೆ ಬಂತು. ಹಾವು ಹಿಡಿದು ಸುತ್ತಿದ ಕೂಡಲೇ ಇಕ್ಕಳದಿಂದ ಇಲಿಯ ಬಾಲವನ್ನು ಒಂದೆರಡು ಸಲ ಮೆಲ್ಲಗೆ ಅಲುಗಿಸುತ್ತೇನೆ. ಬಿಗಿ ಹೆಚ್ಚಾಗುತ್ತದೆ, ಬಿಟ್ಟುಹೋಗುವ ಯೋಚನೆ ದೂರವಾಗುತ್ತದೆ. ಆಮೇಲೆ ಕೈ ಹಿಂದೆ, ಲೈಟ್ ಆಫ್.

ನುಂಗುವಾಗ ದವಡೆ ಕಳಚಿಕೊಳ್ಳುತ್ತದೆ ಅನ್ನುವುದು ಸುಳ್ಳು. ಕೆಳದವಡೆಯ ಎರಡು ಭಾಗಗಳು ಗದ್ದದಲ್ಲಿ ಬೆಸೆದುಕೊಂಡಿಲ್ಲ, ಹಿಗ್ಗುವ ತಂತು ಮಾತ್ರ ಇದೆ. ಬಲ ಎಡ ಅಂತ ಒಂದೊಂದೇ ಬದಿ ಮುಂದಿಡುತ್ತಾ ಹಾವೇ ಇಲಿಯ ಮೇಲೆ ಹತ್ತಿಕೊಂಡು ಹೋಗುತ್ತದೆ. ಉಸಿರಿನ ಕೊಳವೆಯ ಬಾಯಿ ಆಗ ಪಕ್ಕದಿಂದ ಹೊರಗೆ ಇಣುಕುವುದು ಕಾಣುತ್ತದೆ. ಹೊಸಬರು ಅದನ್ನು ನೋಡಿ ಹೆದರುತ್ತಾರೆ. ತಿಂದಾದ ಮೇಲೆ ಎರಡು ಮೂರು ಆಕಳಿಕೆ. ಹಿಗ್ಗಿದ ದವಡೆ ಮತ್ತೆ ಜಾಗಕ್ಕೆ ಕೂರುತ್ತಿದೆ ಅಷ್ಟೇ.

ಜೀವಂತ ಇಲಿ ಕೊಡುವುದಕ್ಕೆ ನಾನು ವಿರೋಧಿ. ಹಸಿವಿಲ್ಲದ ಹಾವು ಸುಮ್ಮನೆ ಮಲಗಿರುತ್ತದೆ, ಗಾಬರಿಯಾದ ಇಲಿ ಅದನ್ನು ಕಡಿಯುತ್ತದೆ. ಬೆನ್ನಿನ ಮಾಂಸ ಎದ್ದುಹೋದ ಹಾವುಗಳ ಫೋಟೋ ನೋಡಿದರೆ ಸಾಕು. ಇಲಿಯ ಪಾಡೂ ಇದೆಯಲ್ಲ.

ತಿಂದ ಮೇಲೆ ಕನಿಷ್ಠ 48 ಗಂಟೆ ಹಾವನ್ನು ಎತ್ತುವುದಿಲ್ಲ, ಊಟ ದೊಡ್ಡದಾಗಿದ್ದರೆ ಇನ್ನೂ ಜಾಸ್ತಿ. ಎತ್ತಿದರೆ, ಬಿಸಿ ಸಾಲದಿದ್ದರೆ, ಇಲಿ ತೀರಾ ದೊಡ್ಡದಾದರೆ ಕಕ್ಕುತ್ತದೆ. ಕಕ್ಕಿದ ಹಾವಿಗೆ ಪಾಪ ಅಂತ ತಕ್ಷಣ ಇನ್ನೊಂದು ಇಲಿ ಕೊಡಬೇಡಿ. ನಾನು ಎರಡು ವಾರ ಬಿಟ್ಟು, ಮಾಮೂಲಿಯ ಅರ್ಧದಷ್ಟು ಕೊಡುತ್ತೇನೆ. ಮತ್ತೆ ಮತ್ತೆ ಕಕ್ಕುತ್ತಿದ್ದರೆ ಅದು ಮನೆಯಲ್ಲಿ ಸರಿಮಾಡುವ ವಿಷಯವಲ್ಲ. ಕ್ರಿಪ್ಟೋಸ್ಪೊರಿಡಿಯಂನಂಥ ರೋಗಾಣು ಇರಬಹುದು, ಒಂದರಿಂದ ಇನ್ನೊಂದು ಹಾವಿಗೆ ದಾಟುತ್ತದೆ. ಆ ಹಾವಿನ ಇಕ್ಕಳ, ನೀರಿನ ಬಟ್ಟಲು ಬೇರೆ ಮಾಡಿ, ವೈದ್ಯರಿಗೆ ತೋರಿಸಿ.

ಎಷ್ಟು ಕೊಡಬೇಕು? ಇಲಿಯ ದಪ್ಪ ಹಾವಿನ ಮೈಯ ಅತಿ ದಪ್ಪ ಭಾಗದಷ್ಟು, ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ. ಕಾರ್ನ್ ಸ್ನೇಕ್ ಮರಿಗೆ 5ರಿಂದ 7 ದಿನಕ್ಕೊಮ್ಮೆ ಒಂದು ಪಿಂಕಿ (ಇನ್ನೂ ಕೂದಲು ಬಾರದ ಇಲಿಮರಿ), ದೊಡ್ಡದಾದ ಮೇಲೆ 10ರಿಂದ 14 ದಿನಕ್ಕೊಮ್ಮೆ. ಬೆಳೆದ ಬಾಲ್ ಪೈಥಾನ್‌ಗೆ ಇನ್ನೂ ನಿಧಾನ. ಸಾಕಿದ ಹಾವುಗಳಲ್ಲಿ ಹಸಿದದ್ದಕ್ಕಿಂತ ಕೊಬ್ಬಿದ್ದನ್ನೇ ನಾನು ಜಾಸ್ತಿ ಕಂಡಿದ್ದೇನೆ. ಬಾಗಿದಾಗ ಮೈಮೇಲಿನ ಹುರುಪೆಗಳ ನಡುವೆ ಚರ್ಮ ಕಾಣುವುದು, ಬಾಲದ ಹತ್ತಿರ ಮೈ ಗುಂಡಗಾಗುವುದು ಕೊಬ್ಬಿನ ಗುರುತು. ನನ್ನ ಕಾರ್ನ್ ಸ್ನೇಕ್ ಕೇಳಿದಾಗಲೆಲ್ಲ ಕೊಟ್ಟಿದ್ದರೆ ಇಷ್ಟೊತ್ತಿಗೆ ಸಾಸೇಜ್ ಆಗಿರುತ್ತಿತ್ತು.

ಇದ್ದ ಪೆಟ್ಟಿಗೆಯಲ್ಲೇ ಊಟ ಕೊಟ್ಟರೆ ಹಾವು ಕಚ್ಚುವ ಅಭ್ಯಾಸ ಕಲಿಯುತ್ತದೆ ಅಂತ ಕೆಲವರು ಬೇರೆ ಡಬ್ಬಿಗೆ ಹಾಕುತ್ತಾರೆ. ನನಗೆ ಅದರಿಂದ ಲಾಭ ಕಂಡಿಲ್ಲ. ನಾಚಿಕೆಯ ಹಾವು ಹೊಸ ಡಬ್ಬಿಯಲ್ಲಿ ಊಟ ಬಿಡುತ್ತದೆ, ತಿಂದದ್ದನ್ನು ಎತ್ತಿ ವಾಪಸ್ ಹಾಕುವಾಗಲೇ ಕಚ್ಚಿಸಿಕೊಳ್ಳುವ ಅಪಾಯ ಜಾಸ್ತಿ. ಬದಲಿಗೆ, ಎತ್ತುವ ದಿನ ಮೊದಲು ಹಾವು ಎತ್ತುವ ಕೊಕ್ಕೆಯಿಂದ ಮೈಯನ್ನು ಮೆಲ್ಲಗೆ ತಟ್ಟುತ್ತೇನೆ. ಊಟದ ದಿನ ತಟ್ಟುವುದಿಲ್ಲ. ತಟ್ಟಿದರೆ ಊಟವಿಲ್ಲ ಅನ್ನುವುದು ಕಾರ್ನ್ ಸ್ನೇಕ್‌ಗೂ ಅರ್ಥವಾಗಿದೆ.

ಇಲಿಯ ಡಬ್ಬಿ, ತಕ್ಕಡಿ, ಬಿಸಿ ನೀರಿನ ಬಟ್ಟಲು ಅಡುಗೆಮನೆಯಿಂದ ಪೂರ್ತಿ ಹೊರಗಿರಲಿ, ಇಲಿಗೆಂದೇ ಬೇರೆ ಪುಟ್ಟ ಫ್ರಿಜ್ ಇಟ್ಟುಕೊಳ್ಳಿ. ಫ್ರೀಜ್ ಮಾಡಿದರೆ ಸಾಲ್ಮೊನೆಲ್ಲಾ (ನಮಗೆ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ) ಸಾಯುವುದಿಲ್ಲ. ಕೈಯನ್ನು ಸೋಪು ಹಾಕಿ ತೊಳೆಯುವುದು ಎರಡು ಸಲ: ಹಾವಿನ ಪೆಟ್ಟಿಗೆ ಮುಟ್ಟುವ ಮುಂಚೆ, ಇಲಿಯ ವಾಸನೆ ಹೋಗಲಿ ಅಂತ, ಎಲ್ಲ ಮುಗಿದ ಮೇಲೆ, ನಮಗೋಸ್ಕರ. ಐದು ವರ್ಷಕ್ಕಿಂತ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಈ ಕೆಲಸವನ್ನು ಅವರ ಕೈಗೆ ಸಿಗದ ಕಡೆಯೇ ಮಾಡಿ.