ಕೋರ್ಟ್ ಕೇಸ್, ಶಿಕ್ಷೆ ಮತ್ತು ಆಸ್ಟ್ರೇಲಿಯಾದ ರಕ್ಷಣಾ ವೀಸಾ: ಹೊಸಬರಿಗೆ ಮಾರ್ಗದರ್ಶಿ

ಇಲ್ಲಿಗೆ ಬರುವ ನಮ್ಮವರಲ್ಲಿ ಹೆಚ್ಚಿನವರು ಓದಿಗೋ ಕೆಲಸಕ್ಕೋ ಬಂದವರು. ನಿರಾಶ್ರಿತರಿಗೆ ಕೊಡುವ ಪ್ರೊಟೆಕ್ಷನ್ ವೀಸಾ (ಸಬ್‌ಕ್ಲಾಸ್ 866) ನಮಗ್ಯಾಕೆ ಅನ್ನಿಸಬಹುದು. ಆದರೆ "ಕೇಸ್ ಆದ್ರೂ ಚಿಂತೆ ಬೇಡ, ಪ್ರೊಟೆಕ್ಷನ್ ಹಾಕೋಣ" ಎನ್ನುವ ಏಜೆಂಟರು ಇದ್ದಾರೆ. ಅವರಿಗೆ ದುಡ್ಡು ಕೊಡುವ ಮುಂಚೆ ಇದನ್ನು ಓದಿ.

ಈ ವೀಸಾ ಊರಿಗೆ ಮರಳಿದರೆ ಜನಾಂಗ, ಧರ್ಮ, ರಾಜಕೀಯ ನಿಲುವಿನಂಥ ಕಾರಣಕ್ಕೆ ಹಿಂಸೆ ಕಾದಿದೆ ಎನ್ನುವವರಿಗೆ. ಸುಮ್ನೆ ಅರ್ಜಿ ಹಾಕಿ ತಿರಸ್ಕಾರವಾದರೆ, ಇಲ್ಲೇ ಇದ್ದುಕೊಂಡು ಮತ್ತೆ ಅದೇ ವೀಸಾ ಕೇಳಲು ಸಾಮಾನ್ಯವಾಗಿ ಆಗುವುದಿಲ್ಲ. ಬೇರೆ ವೀಸಾಗಳ ಬಾಗಿಲೂ ಬಹುಪಾಲು ಮುಚ್ಚುತ್ತದೆ.

ನಿಜವಾದ ಭಯ ಇದ್ದವರಿಗೂ ಅಪರಾಧದ ದಾಖಲೆ ಅಡ್ಡ ಬರುತ್ತದೆ. 1958ರ ಮೈಗ್ರೇಷನ್ ಆಕ್ಟ್‌ನ 501ನೇ ಸೆಕ್ಷನ್‌ನಲ್ಲಿ ಕ್ಯಾರೆಕ್ಟರ್ ಟೆಸ್ಟ್ (ನಡತೆಯ ಪರೀಕ್ಷೆ) ಇದೆ. 12 ತಿಂಗಳು ಅಥವಾ ಜಾಸ್ತಿ ಜೈಲು ಶಿಕ್ಷೆ ಆದರೆ ಅದರಲ್ಲಿ ಫೇಲ್. ಜೈಲಿಗೆ ಹೋಗದೆ ಅಮಾನತಿನಲ್ಲಿಟ್ಟ ಶಿಕ್ಷೆಯೂ ಲೆಕ್ಕಕ್ಕೆ ಬರುತ್ತದೆ. ಇದು ಎಲ್ಲ ವೀಸಾಗಳಿಗೂ ಅನ್ವಯ.

ರಕ್ಷಣಾ ವೀಸಾಕ್ಕೆ 36ನೇ ಸೆಕ್ಷನ್‌ನಲ್ಲಿ ಇನ್ನೊಂದು ಬೇಲಿ ಇದೆ. ತುಂಬಾ ಗಂಭೀರ ಅಪರಾಧದಲ್ಲಿ ಶಿಕ್ಷೆಯಾಗಿ, ಆ ವ್ಯಕ್ತಿಯಿಂದ ಸಮಾಜಕ್ಕೆ ಅಪಾಯ ಎಂದು ಅಧಿಕಾರಿಗೆ ಕಂಡರೆ ವೀಸಾ ಇಲ್ಲ. ಇಲ್ಲೇ ಜನ ಎಡವುವುದು. ನಿಮಗೆ ಎಷ್ಟು ಶಿಕ್ಷೆ ಆಯಿತು ಅನ್ನುವುದಲ್ಲ, ಆ ಅಪರಾಧಕ್ಕೆ ಗರಿಷ್ಠ ಎಷ್ಟು ಕೊಡಬಹುದು ಅನ್ನುವುದೇ ಮುಖ್ಯ. ಹೊಡೆದಾಟ, ದೊಡ್ಡ ಡ್ರಗ್ಸ್ ಕೇಸ್, ಆಸ್ತಿಗೆ ಭಾರಿ ಹಾನಿ, ಇವಕ್ಕೆ ಗರಿಷ್ಠ ಶಿಕ್ಷೆ 3 ವರ್ಷ ಅಥವಾ ಮೇಲಿದ್ದರೆ ಸಾಕು, ಅದು ತುಂಬಾ ಗಂಭೀರ ಅಪರಾಧದ ಲೆಕ್ಕ. ನ್ಯೂ ಸೌತ್ ವೇಲ್ಸ್‌ನಲ್ಲಿ ಹೊಡೆದು ಗಾಯ ಮಾಡಿದರೆ ಗರಿಷ್ಠ 5 ವರ್ಷ. ಕೋರ್ಟು ತಪ್ಪಿತಸ್ಥ ಎಂದು ತೀರ್ಪು ಕೊಟ್ಟು ಜೈಲಿಗೆ ಹಾಕದೆ ಬಿಟ್ಟರೂ ಅದು ಗಂಭೀರ ಅಪರಾಧವೇ. ಮನೆಯೊಳಗಿನ ಜಗಳ ಅಂತ ರಿಯಾಯಿತಿ ಇಲ್ಲ. ಕ್ಯಾರೆಕ್ಟರ್ ತೀರ್ಮಾನದಲ್ಲಂತೂ ಕೌಟುಂಬಿಕ ಹಿಂಸೆಯನ್ನು ಪ್ರತ್ಯೇಕವಾಗಿ, ಭಾರವಾಗಿ ತೂಗುತ್ತಾರೆ.

ಹಾಗಾಗಿ ಪೊಲೀಸ್ ಕೇಸ್ ಆದರೆ "ತಪ್ಪಾಯ್ತು ಅಂದುಬಿಡಿ, ಬೇಗ ಮುಗಿಯುತ್ತೆ" ಎನ್ನುವ ಸ್ನೇಹಿತರ ಮಾತು ಬೇಡ. ಕೋರ್ಟಿನಲ್ಲಿ ತಪ್ಪೊಪ್ಪಿಕೊಳ್ಳುವ ಮೊದಲು, ವೀಸಾ ಕಾನೂನು ಗೊತ್ತಿರುವ ವಕೀಲರನ್ನೂ ಕೇಳಿ. ಕ್ರಿಮಿನಲ್ ವಕೀಲರು ಜೈಲು ತಪ್ಪಿಸುವುದನ್ನು ನೋಡುತ್ತಾರೆ, ವೀಸಾ ಅವರ ಗಮನಕ್ಕೆ ಬಾರದಿರಬಹುದು.

ಫಾರ್ಮ್‌ನಲ್ಲಿ ಯಾವುದನ್ನೂ ಮುಚ್ಚಿಡಬೇಡಿ. ಊರಿನಲ್ಲಾದ ಶಿಕ್ಷೆ, ದಾಖಲೆಯಿಂದ ಅಳಿಸಿದ ಶಿಕ್ಷೆ, ಕೋರ್ಟಿನಲ್ಲಿ ಇನ್ನೂ ನಡೆಯುತ್ತಿರುವ ಕೇಸು, ಎಲ್ಲವನ್ನೂ ಕೇಳುತ್ತಾರೆ. ಬರೀ ದಂಡ ಕಟ್ಟಿದ್ದಕ್ಕೆ ವೀಸಾ ತಾನಾಗೇ ಹೋಗುವುದಿಲ್ಲ. ಮುಚ್ಚಿಟ್ಟದ್ದು ಸಿಕ್ಕಿಬಿದ್ದರೆ ಕಷ್ಟ ಅಲ್ವಾ?

ಜೈಲಿನಲ್ಲಿರುವಾಗಲೇ ವೀಸಾ ರದ್ದಾದ ಪತ್ರ ಬಂದರೆ, ವಾಪಸ್ ಕೇಳಲು 28 ದಿನ. ಅದನ್ನೂ ಅಧಿಕಾರಿ ಒಪ್ಪದಿದ್ದರೆ, ಮೇಲ್ಮನವಿ ಮಂಡಳಿಗೆ ಹೋಗಲು ಬರೀ 9 ದಿನ. ಪತ್ರ ಕೈಗೆ ಬಂದ ದಿನವೇ ಲೀಗಲ್ ಏಡ್‌ಗೆ (ಕಾನೂನು ನೆರವು ಸಂಸ್ಥೆ) ಫೋನ್ ಮಾಡಿ. ಏಜೆಂಟರ ಬಳಿ ಹೋಗುವುದಾದರೆ ನೋಂದಣಿ ಸಂಖ್ಯೆ ಕೇಳಿ, ಸರ್ಕಾರದ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಇಂಗ್ಲಿಷ್ ಕಷ್ಟವಾದರೆ ಸರ್ಕಾರದ ದುಭಾಷಿ ಸೇವೆಯ 131 450ಕ್ಕೆ ಕರೆ ಮಾಡಿ, ಕನ್ನಡ ದುಭಾಷಿ ಬೇಕು ಅನ್ನಿ.