ನಾನು ಗುರುಗಳ ಬಳಗ ಬಿಟ್ಟು ಬಂದದ್ದು ಹೀಗೆ

ಬಿಡಬೇಕು ಅಂತ ಗಟ್ಟಿ ಮನಸ್ಸು ಮಾಡಿದ ಮೇಲೂ ನಾನು ಬಳಗದಲ್ಲಿ ಯಾರಿಗೂ ಬಾಯಿಬಿಡಲಿಲ್ಲ. ಮೊದಲೇ ಹೇಳಿಕೊಂಡವರನ್ನು ಹಿರಿಯರು ರಾತ್ರಿಯಿಡೀ ಕೂರಿಸಿಕೊಂಡು ಬುದ್ಧಿ ಹೇಳುತ್ತಿದ್ದರು. ಬೆಳಗಾಗುವಷ್ಟರಲ್ಲಿ ಅವರು ಅತ್ತು, ಗುರುಗಳ ಕಾಲಿಗೆ ಬಿದ್ದು, ಅಲ್ಲೇ ಉಳಿದಿರುತ್ತಿದ್ದರು. ಅದಕ್ಕೇ ನಾನು ಹೊರಗಿನ ಏರ್ಪಾಡು ಮೊದಲು ಮುಗಿಸಿದೆ.

ಮೈಸೂರಿನ ಆ ಬಳಗದಲ್ಲಿ ಕೆಲಸ, ಮದುವೆ, ಊರಿಗೆ ಹೋಗಿಬರುವುದು, ಎಲ್ಲಕ್ಕೂ ಅಪ್ಪಣೆ ಬೇಕಿತ್ತು. ನನ್ನ ಆಧಾರ್‌ಗೂ ಬ್ಯಾಂಕ್ ಖಾತೆಗೂ ಕೊಟ್ಟಿದ್ದು ಅವರ ಕಚೇರಿಯ ಮೊಬೈಲ್ ನಂಬರ್. ಅಂದರೆ ಓಟಿಪಿ ಅವರಿಗೇ ಹೋಗುತ್ತಿತ್ತು! ಹಾಗಾಗಿ ಹೊಸ ಸಿಮ್ ತಗೊಂಡು ಆಧಾರ್ ಕೇಂದ್ರಕ್ಕೆ ಹೋದೆ. ನಂಬರ್ ಬದಲಾಯಿಸಲು ಬೇರೆ ದಾಖಲೆ ಕೇಳುವುದಿಲ್ಲ, ಬೆರಳಚ್ಚು ಕೊಟ್ಟರೆ ಆಯಿತು. ಆದರೆ ಆಗ ನಾವೇ ಖುದ್ದಾಗಿ ಹೋಗಬೇಕಿತ್ತು. ಅವರ ಬೀರುವಿನಲ್ಲಿದ್ದ ಪ್ಯಾನ್ ಕಾರ್ಡ್ ವಾಪಸ್ ಕೇಳಲೇ ಇಲ್ಲ. ಸರ್ಕಾರದ ಡಿಜಿಲಾಕರ್ ಆ್ಯಪ್‌ನಲ್ಲಿ ಇಳಿಸಿಕೊಂಡೆ. ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದು ಸಂಬಳ ಅಲ್ಲಿಗೆ ಬರುವ ಹಾಗೆ ಮಾಡಿಕೊಂಡೆ. ಇಷ್ಟಾಗುವವರೆಗೆ ಭಜನೆಗೂ ಸೇವೆಗೂ ಎಂದಿನಂತೆ ಹೋಗುತ್ತಿದ್ದೆ.

ಬಿಟ್ಟು ಹೋದರೆ ಕೇಸ್ ಹಾಕುತ್ತೇವೆ ಅನ್ನುತ್ತಿದ್ದರು. ಕಾನೂನು ಸೇವೆಗಳ ಪ್ರಾಧಿಕಾರದ ಸಹಾಯವಾಣಿ 15100ಕ್ಕೆ ಫೋನ್ ಮಾಡಿ ವಿಚಾರಿಸಿದೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ. ಸಂವಿಧಾನದ 25ನೇ ವಿಧಿ ಕೊಡುವ ಆತ್ಮಸಾಕ್ಷಿಯ ಸ್ವಾತಂತ್ರ್ಯ ನನಗೂ ಇದೆ ಅಂತ ತಿಳಿದಾಗ ಅರ್ಧ ಭಯ ಹೋಯಿತು.

ಸರಸ್ವತಿಪುರಂನ ಪಿಜಿಗೆ ಬಂದ ಮೇಲೆ ಸ್ಪೀಡ್ ಪೋಸ್ಟ್‌ನಲ್ಲಿ ಕಾಗದ ಹಾಕಿದೆ. ‘ಇನ್ನು ನಾನು ಸದಸ್ಯೆಯಲ್ಲ. ನನ್ನನ್ನು ನೋಡಲು ಯಾರೂ ಬರಬೇಡಿ.’ ಅಷ್ಟೇ. ಕಾರಣ ಬರೆಯಲಿಲ್ಲ. ಬರೆದರೆ ಒಂದೊಂದಕ್ಕೂ ಉತ್ತರ ಹಿಡಿದುಕೊಂಡು ಬರುತ್ತಾರೆ, ಮತ್ತೆ ಅದೇ ಮಾತುಕತೆ ಶುರುವಾಗುತ್ತದೆ ಅಲ್ವಾ?

ಕಷ್ಟ ಆದದ್ದು ಆಮೇಲೆ. ಸುಮ್ನೆ ಜ್ವರ ಬಂದರೂ ಗುರುಶಾಪ ಅನ್ನಿಸುತ್ತಿತ್ತು. ಅಕ್ಕ ಅಂತ ಕರೆಯುತ್ತಿದ್ದವರು ದೇವರಾಜ ಮಾರ್ಕೆಟ್‌ನಲ್ಲಿ ಎದುರಾದರೆ ಮುಖ ತಿರುಗಿಸಿದರು. ನಿದ್ದೆ ಬಾರದ ರಾತ್ರಿಗಳಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದ್ದೇನೆ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬಳಗದ ಮಾತು ಕೇಳಿ ದೂರ ಮಾಡಿಕೊಂಡಿದ್ದ ಮಂಡ್ಯದ ಚಿಕ್ಕಮ್ಮನ ಮನೆಗೂ ಹೋದೆ. ‘ಬಂದ್ಯಲ್ಲ ಬಾರವ್ವ, ಮೊದ್ಲು ಊಟ ಮಾಡು’ ಅಂದರು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ದೇವರನ್ನು ನಾನು ಬಿಟ್ಟಿಲ್ಲ. ಶುಕ್ರವಾರ ದೀಪ ಹಚ್ಚುತ್ತೇನೆ. ಅದಕ್ಕೀಗ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ.