ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋ: ಮನೆಯಿಂದ ಮನೆಗೆ ಎಷ್ಟು ದೂರ?

ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲಿನ ಬೇ ಏರಿಯಾಗೆ ಹೊಸದಾಗಿ ಬಂದವರು ಊರಿಗೆ ಎಷ್ಟು ಗಂಟೆ ದಾರಿ ಅಂತ ಕೇಳುತ್ತಾರೆ. ನೇರ ದೂರ ಸುಮಾರು 14,000 ಕಿಲೋಮೀಟರ್. ಎರಡೂ ಊರು ಭೂಮಿಯ ಹೆಚ್ಚುಕಡಿಮೆ ಎದುರುಬದುರು ಇರುವುದರಿಂದ ಹತ್ತಿರದ ದಾರಿ ಉತ್ತರ ಧ್ರುವದ ಕಡೆಯಿಂದ ಹೋಗುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಆ ದಾರಿಯಲ್ಲೇ ಮೊದಲ ನೇರ ವಿಮಾನವನ್ನು ಬೆಂಗಳೂರಿಗೆ ತಂದಿಳಿಸಿದರು. ಸುಮಾರು 17 ಗಂಟೆ ಹಾರಾಟ.

ಆದರೆ ನೀವು ಲೆಕ್ಕ ಹಾಕಬೇಕಾದ್ದು ಬಾಗಿಲಿಂದ ಬಾಗಿಲಿಗೆ. ದುಬೈ ಮೇಲೆ ಹೋದರೆ ಅಲ್ಲಿವರೆಗೆ ಹತ್ತಿರ ಹತ್ತಿರ 16 ಗಂಟೆ, ಅಲ್ಲಿಂದ ಬೆಂಗಳೂರಿಗೆ ಇನ್ನೊಂದು 4. ನಡುವೆ ಕಾಯುವ ಹೊತ್ತು ಬೇರೆ. ಮೈಸೂರಿನವರಾದರೆ ದೇವನಹಳ್ಳಿಯಿಂದ ಫ್ಲೈಬಸ್ಸಿನಲ್ಲಿ ಮತ್ತೆ ನಾಲ್ಕೈದು ಗಂಟೆ. ಒಂದೂವರೆ ದಿನ ಅಂತಲೇ ಇಟ್ಟುಕೊಳ್ಳಿ.

ಈ ಒಂದೂವರೆ ದಿನದ ವಿಷಯವನ್ನು ಮನೆಯವರ ಹತ್ತಿರ ಈಗಲೇ ಮಾತಾಡಿ. ಕಷ್ಟದ ಮಾತು, ಆದರೂ ಆಡಿ. ನಮ್ಮಪ್ಪ ತೀರಿಕೊಂಡಾಗ ನಾನು ದುಬೈ ಮುಟ್ಟಿದ್ದೆ. ಅಣ್ಣ ಫೋನ್ ಮಾಡಿ, "ಇನ್ನೂ ಎಷ್ಟೊತ್ತಾಗುತ್ತೋ? ಎಲ್ಲರೂ ಕೇಳ್ತಿದ್ದಾರೆ" ಅಂದ. "ಕಾಯಬೇಡ ಅಣ್ಣ, ಮುಗಿಸಿಬಿಡಿ" ಅಂದೆ. ಆ ನಿರ್ಧಾರವನ್ನು ಯಾರೂ ಏರ್‌ಪೋರ್ಟಿನ ಕುರ್ಚಿಯಲ್ಲಿ ಕೂತು ಮಾಡಬಾರದು. ಕಾಯಬೇಕಾ ಬೇಡವಾ ಅಂತ ಅಪ್ಪ ಅಮ್ಮನನ್ನೇ ಕೇಳಿಡಿ. ಅವರು ನಮಗಿಂತ ಗಟ್ಟಿ, ನೇರವಾಗಿ ಹೇಳುತ್ತಾರೆ.

ಪಾಸ್‌ಪೋರ್ಟ್, ವೀಸಾ, ಓಸಿಐ (ಬೇರೆ ದೇಶದ ಪೌರತ್ವ ಇರುವ ಭಾರತೀಯ ಮೂಲದವರಿಗೆ ಭಾರತ ಕೊಡುವ ಕಾರ್ಡ್) ಸರಿಯಾಗಿರಲಿ. ಇಲ್ಲಿ ಹುಟ್ಟಿದ ಮಕ್ಕಳ ಪಾಸ್‌ಪೋರ್ಟ್ 5 ವರ್ಷಕ್ಕೇ ಮುಗಿಯುತ್ತದೆ, ನೆನಪಿರಲಿ.

ಅಪ್ಪ ಅಮ್ಮ ಬರುವಾಗ ಟಿಕೆಟ್ ಜೊತೆಗೇ ವೀಲ್‌ಚೇರ್ ಕೇಳಿ. ನಡೆಯಲು ಬಂದರೂ ಕೇಳಿ. ವಿಮಾನ ಬದಲಿಸುವ ಕಡೆ ದಾರಿ ತೋರಿಸುವವರು ಸಿಗುತ್ತಾರೆ. ಮಾತ್ರೆಗಳು ಕೈಚೀಲದಲ್ಲೇ ಇರಲಿ. ಕರಿಬೇವು, ಅಕ್ಕಿ ಇಲ್ಲಿ ಒಳಗೆ ಬಿಡುವುದಿಲ್ಲ. ಕೊಬ್ಬರಿಯನ್ನು ಚೆಕ್-ಇನ್ ಬ್ಯಾಗಿಗೆ ಹಾಕಬಾರದು, ಎಣ್ಣೆ ಜಾಸ್ತಿ ಇರುವುದರಿಂದ ಬೆಂಕಿ ಹತ್ತುವ ವಸ್ತು ಅಂತ ತಡೆಯುತ್ತಾರೆ. ಚಟ್ನಿಪುಡಿ ಮಾಡುವ ಅಮ್ಮಂದಿರಿಗೆ ಮೊದಲೇ ತಿಳಿಸಿ.

ಮಕ್ಕಳ ವಿಷಯ ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರದ್ದು. ಎರಡು ಮೂರು ವರ್ಷಕ್ಕೊಮ್ಮೆ ಊರಿಗೆ ಹೋದರೆ ಅಜ್ಜಿ ಅವರಿಗೆ ನೆಂಟರಾಗಿಬಿಡುತ್ತಾರೆ. ದಿನಾ ಒಂದೇ ಹೊತ್ತಿಗೆ ಫೋನ್ ಮಾಡಿ. ಬೇಸಿಗೆಯಲ್ಲಿ ಇಲ್ಲಿ ಸಂಜೆ 7 ಅಂದರೆ ಅಲ್ಲಿ ಮರುದಿನ ಬೆಳಿಗ್ಗೆ 7:30. ಅಮ್ಮ ಫಿಲ್ಟರಿಗೆ ಬಿಸಿನೀರು ಸುರಿಯುತ್ತಿರುತ್ತಾರೆ. ನಮ್ಮ ಮಗಳು ಹೋಂವರ್ಕ್ ಮಾಡುತ್ತಾ ಸುಮ್ನೆ ನೋಡುತ್ತಿರುತ್ತಾಳೆ. ಜಾಸ್ತಿ ಮಾತು ಬೇಕಾಗಿಲ್ಲ. ಅಜ್ಜಿ ಮನೆಯ ಸದ್ದು ಕಿವಿಗೆ ಬಿದ್ದರೆ ಸಾಕು, ಅಲ್ವಾ?

ನವೆಂಬರ್‌ನ ಮೊದಲ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಆಗ ಅದೇ ಕರೆ ಅಲ್ಲಿ 8:30ಕ್ಕೆ ಹೋಗುತ್ತದೆ. ಒಂದು ವಾರ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಪಾಪ ಫೋನ್ ಮುಂದೆ ಕೂತು ಕಾಯುತ್ತಾರೆ.